ಗೋಕರ್ಣ ಪ್ರವಾಸದ ಪ್ರಯಾಣ ವ್ಯವಸ್ಥೆ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಸಪ್ರೇಮ ನಮಸ್ಕಾರಗಳು.

ಜನವರಿಯ ಎರಡನೇ ಶನಿವಾರ ಮತ್ತು ಮರುದಿನ ಭಾನುವಾರ ನಮ್ಮ ಶಾಲೆಯ ಏಳನೇ ತರಗತಿಯ ಮಕ್ಕಳನ್ನು ಹುಬ್ಬಳ್ಳಿಯಿಂದ ಗೋಕರ್ಣಕ್ಕೆ ಶೈಕ್ಷಣಿಕ ಪ್ರವಾಸ ಕರೆದೊಯ್ಯುವ ವಿಷಯ ಕಳೆದ ಪೋಷಕರ ಸಭೆಯಲ್ಲಿ ಚರ್ಚೆಗೆ ಬಂದಿತ್ತು. ಹೋಗುವ ಬಗ್ಗೆ ಯಾರದೂ ತಕರಾರಿರಲಿಲ್ಲ. ಹೇಗೆ ಹೋಗುವುದು ಎಂಬಲ್ಲಿ ಮಾತ್ರ ಅಭಿಪ್ರಾಯಗಳು ಬೇರೆಬೇರೆಯಾಗಿದ್ದವು. ಅವೆಲ್ಲವನ್ನೂ ಶಿಕ್ಷಕರೊಂದಿಗೆ ಕುಳಿತು ಪರಿಶೀಲಿಸಿದ್ದೇನೆ. ಸಾರಿಗೆ ಸಂಸ್ಥೆಯಿಂದ ಒಪ್ಪಂದದ ಮೇಲೆ ಒಂದು ಬಸ್ ಪಡೆದು, ಯಲ್ಲಾಪುರ ಮತ್ತು ಅಂಕೋಲಾ ಮಾರ್ಗವಾಗಿ, ಹಗಲು ಹೊತ್ತಿನಲ್ಲೇ ಹೋಗಿ ಹಗಲಿನಲ್ಲೇ ಹಿಂತಿರುಗುವುದೆಂದು ತೀರ್ಮಾನಿಸಿದ್ದೇವೆ. ಕಾರಣಗಳನ್ನು ತಮ್ಮ ಮುಂದಿಡುವುದು ನನ್ನ ಕರ್ತವ್ಯ.

ಹಲವು ಪೋಷಕರು ರೈಲು ಪ್ರಯಾಣವನ್ನು ಸೂಚಿಸಿದ್ದರು. ಮಕ್ಕಳಿಗೂ ರೈಲೆಂದರೆ ಹಿಗ್ಗು. ಆದರೆ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ದಶಕಗಳಿಂದ ಪ್ರಸ್ತಾವದಲ್ಲೇ ಉಳಿದಿರುವುದರಿಂದ, ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಘಟ್ಟ ಇಳಿದು ಗೋವಾದ ಮಡಗಾಂವ್ ಸೇರಿ, ಅಲ್ಲಿ ಕೊಂಕಣ ರೈಲ್ವೆಯ ಗಾಡಿಗೆ ಬದಲಾಯಿಸಿ, ಕಾರವಾರ ದಾಟಿ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿಯಬೇಕಾಗುತ್ತದೆ. ದೂಧಸಾಗರ ಜಲಪಾತದ ಪಕ್ಕದಲ್ಲೇ ಹಾಯುವ ಆ ದಾರಿಯ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗೋಕರ್ಣ ರೋಡ್ ಚಿಕ್ಕ ನಿಲ್ದಾಣ. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ, ನಿಂತರೂ ಸಿಗುವ ಸಮಯ ಬಹಳ ಕಡಿಮೆ. ಅಷ್ಟರಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳನ್ನು ಚೀಲಗಳ ಸಮೇತ ಇಳಿಸಿ, ತಲೆ ಎಣಿಸಿ, ಮತ್ತೆ ಕೆಲವು ಕಿಲೋಮೀಟರ್ ದೂರದ ಊರಿಗೆ ಆಟೋಗಳಲ್ಲಿ ಹಂಚಿ ಕಳುಹಿಸುವ ಧೈರ್ಯ ನನಗಿಲ್ಲ.

ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದಿರುವಾಗ ದಿನನಿತ್ಯದ ಬಸ್ಸಿನಲ್ಲೇ ಏಕೆ ಹೋಗಬಾರದೆಂದು ಕೆಲವು ತಾಯಂದಿರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. 2023ರ ಜೂನ್‌ನಲ್ಲಿ ಆರಂಭವಾದ ಈ ಸೌಲಭ್ಯ ಒಪ್ಪಂದದ ಬಸ್ಸಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಖರ್ಚು ಹೆಚ್ಚುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ವಾರಾಂತ್ಯದ ನೂಕುನುಗ್ಗಲಿನಲ್ಲಿ ಮಕ್ಕಳು ಎರಡು ಮೂರು ಬಸ್ಸುಗಳಲ್ಲಿ ಹರಿದು ಹಂಚಿಹೋದರೆ ಅವರ ಮೇಲೆ ಕಣ್ಣಿಡುವುದು ಅಸಾಧ್ಯ. ಹಣದ ಅಡಚಣೆಯಿರುವವರು ಸಂಕೋಚಪಡದೆ ನನ್ನನ್ನು ಪ್ರತ್ಯೇಕವಾಗಿ ಕಾಣಬೇಕೆಂದು ವಿನಂತಿಸುತ್ತೇನೆ. ದುಡ್ಡಿಲ್ಲವೆಂಬ ಕಾರಣಕ್ಕೆ ಯಾವ ಮಗುವೂ ಹಿಂದುಳಿಯಬಾರದು.

ಶುಕ್ರವಾರ ರಾತ್ರಿಯೇ ಹೊರಟರೆ ಒಂದು ಹಗಲು ಉಳಿಯುತ್ತದೆ ಎಂಬ ಸಲಹೆಯನ್ನು ಮಾತ್ರ ಸ್ಪಷ್ಟವಾಗಿ ನಿರಾಕರಿಸುತ್ತೇನೆ. ಯಲ್ಲಾಪುರ ದಾಟಿದ ಮೇಲೆ ಸಿಗುವ ಅರಬೈಲು ಘಟ್ಟದಲ್ಲಿ ಸರಕು ಲಾರಿಗಳ ಓಡಾಟ ಹೆಚ್ಚು, ತಿರುವುಗಳು ಕಡಿದು, ಚಳಿಗಾಲದ ನಸುಕಿನಲ್ಲಿ ಮಂಜೂ ಕವಿಯುತ್ತದೆ. ಅಲ್ಲಿ ಚಾಲಕರ ಕಣ್ಣು ಒಂದು ಕ್ಷಣ ಎಳೆದರೂ ಸಾಕು.

ಕಳೆದ ತಿಂಗಳು ಒಂದು ಶನಿವಾರ ನಾನೇ ಈ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿ ಬಂದೆ. ಘಟ್ಟದ ನಾಲ್ಕನೇ ತಿರುವಿಗೇ ಪಕ್ಕದ ಸೀಟಿನ ಹುಡುಗನ ಮುಖ ಬಿಳಿಚಿಕೊಂಡಿತು. ಅವನ ತಾಯಿ ಸೆರಗಿನ ಗಂಟಿನಿಂದ ನಿಂಬೆಹಣ್ಣು ತೆಗೆದು, ಉಗುರಿನಿಂದ ಸಿಪ್ಪೆ ಕೆರೆದು ಮೂಗಿಗೆ ಹಿಡಿದರು. ಹೊಟ್ಟೆ ತೊಳಸುವ ಮಕ್ಕಳ ಹೆಸರನ್ನು ದಯವಿಟ್ಟು ಮೊದಲೇ ತಿಳಿಸಿ. ಅವರಿಗೆ ಮುಂದಿನ ಸಾಲಿನ ಕಿಟಕಿ ಬದಿ ಕಾದಿರಿಸುತ್ತೇವೆ. ಆ ದಿನ ಬೆಳಿಗ್ಗೆ ಎಣ್ಣೆಯ ತಿಂಡಿ ಬೇಡ, ಇಡ್ಲಿ ಸಾಕು. ವೈದ್ಯರು ಹೇಳಿದ ಮಾತ್ರೆಯಿದ್ದರೆ ಚೀಟಿ ಸಮೇತ ತರಗತಿ ಶಿಕ್ಷಕರ ಕೈಗೆ ಕೊಡಿ.

2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ದುರಂತ ತಮ್ಮ ಮನಸ್ಸಿನಲ್ಲಿರುವುದು ಸಹಜ. ನಮ್ಮ ಬಸ್ ಅದೇ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗುತ್ತದೆ. ಅದು ಧಾರಾಕಾರ ಮಳೆಗಾಲದ ಘಟನೆ. ಮಳೆಗಾಲದಲ್ಲಿ ಈ ಪ್ರವಾಸವನ್ನು ಇಟ್ಟುಕೊಳ್ಳದೆ ಜನವರಿಯನ್ನು ಆರಿಸಿಕೊಂಡದ್ದರ ಮುಖ್ಯ ಕಾರಣವೂ ಅದೇ.

ಒಂದೇ ಬಸ್ಸಿನಿಂದ ಇನ್ನೊಂದು ಅನುಕೂಲವಿದೆ. 1930ರ ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ಅಂಕೋಲೆಯಲ್ಲಿ ಇಳಿದು, ಮುಂದೆ ಗೋಕರ್ಣದ ಹಾದಿಯಲ್ಲೇ ಸಿಗುವ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ಮಕ್ಕಳು ಕಣ್ಣಾರೆ ನೋಡಬಹುದು. ಪಾಠದಲ್ಲಿ ಓದಿದ್ದನ್ನು ಅವರು ಕೈಯಲ್ಲಿ ಮುಟ್ಟಿ ನೋಡಲೆಂಬ ಆಸೆ ನನ್ನದು.

ಶನಿವಾರ ಬೆಳಿಗ್ಗೆ 6 ಗಂಟೆಗೆ ಶಾಲೆಯ ಗೇಟಿನಿಂದ ಹೊರಡುತ್ತೇವೆ. ಸುಮಾರು 160 ಕಿಲೋಮೀಟರ್ ದಾರಿ. ನಿಲುಗಡೆಗಳೂ ಸೇರಿ ಮಧ್ಯಾಹ್ನದ ಊಟಕ್ಕೆ ಗೋಕರ್ಣ ತಲುಪುತ್ತೇವೆ. ಭಾನುವಾರ ಊಟ ಮುಗಿಸಿ 12 ಗಂಟೆಗೆ ಹೊರಟರೆ ಬೆಳಕಿರುವಾಗಲೇ ಘಟ್ಟ ಹತ್ತಿ, ಕತ್ತಲಾಗುವ ಮೊದಲು ಶಾಲೆ ಸೇರಬಹುದು. ಬಸ್ ಯಲ್ಲಾಪುರ ಬಿಟ್ಟ ಕೂಡಲೇ ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಿಳಿಸುತ್ತೇವೆ. ಮಕ್ಕಳನ್ನು ಕರೆದೊಯ್ಯಲು ಪೋಷಕರೇ ಬರಬೇಕು. ಬೇರೆಯವರನ್ನು ಕಳುಹಿಸುವುದಾದರೆ ಅವರ ಹೆಸರನ್ನು ಮೊದಲೇ ಬರೆದು ಕೊಟ್ಟಿರಬೇಕು.

ಈ ಪತ್ರದೊಂದಿಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಬರುವ ಶುಕ್ರವಾರದೊಳಗೆ ಮಗುವಿನ ಕೈಯಲ್ಲಿ ಕಳುಹಿಸಿಕೊಡಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು