ಅಂತರ್ಜಾಲ ಕಡ್ಡಾಯವೆಂದಾದರೆ ಅದು ಹಕ್ಕೂ ಆಗಬೇಕು

ಮಾನ್ಯ ಸಂಪಾದಕರೇ,

ಅಂತರ್ಜಾಲ ಸಂಪರ್ಕವೂ ಒಂದು ಮಾನವ ಹಕ್ಕೇ ಎಂಬ ಚರ್ಚೆ ಪತ್ರಿಕೆಗಳಲ್ಲಿ ಬಂದಾಗಲೆಲ್ಲ, ಇದು ವಕೀಲರಿಗೂ ವಿದ್ವಾಂಸರಿಗೂ ಬಿಟ್ಟ ವಿಷಯವೆಂದು ಪುಟ ತಿರುವುತ್ತಿದ್ದವನು ನಾನು. ನನ್ನ ಸೋದರಮಾವನವರ ಪಿಂಚಣಿ ಕೆಲಸಕ್ಕೆಂದು ಅವರ ಜೊತೆ ನಾಲ್ಕು ದಿನ ಒದ್ದಾಡಿದ ಮೇಲೆ ಈ ಪ್ರಶ್ನೆ ಬೇರೆಯಾಗಿಯೇ ಕಾಣತೊಡಗಿದೆ. ಅದನ್ನು ನಿಮ್ಮ ಓದುಗರ ಮುಂದಿಡಲು ಈ ಪತ್ರ.

ಎಂಬತ್ತು ದಾಟಿದ ನಮ್ಮ ಮಾವ ತಾವು ಬದುಕಿರುವುದನ್ನು ವರ್ಷಕ್ಕೊಮ್ಮೆ ರುಜುವಾತುಪಡಿಸಬೇಕು. ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಹಿಂದೆಲ್ಲ ಕಚೇರಿಗೆ ಹೋಗಿ ಗುಮಾಸ್ತರ ಎದುರಿಗೆ ಒಂದು ಕಾಗದಕ್ಕೆ ಸಹಿ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಈ ಸಲ ಕೌಂಟರಿನಲ್ಲಿದ್ದವರು, 'ಇಲ್ಲಿ ತಗೊಳ್ಳೋದಿಲ್ಲ ಸರ್, ಆನ್‌ಲೈನ್‌ನಲ್ಲೇ ಮಾಡ್ಬೇಕು' ಎಂದರು. ಅವರು ಒರಟಾಗಿ ನಡೆದುಕೊಳ್ಳಲಿಲ್ಲ, ನಿಯಮವನ್ನಷ್ಟೇ ಹೇಳಿದರು. ಆದರೂ ಬದುಕಿರುವ ಮನುಷ್ಯ ಎರಡಡಿ ದೂರದಲ್ಲಿ ನಿಂತು ಮಾತಾಡುತ್ತಿರುವಾಗ, ಅವನು ಬದುಕಿದ್ದಾನೆಂದು ಫೋನು ಬಂದು ಸಾಕ್ಷಿ ಹೇಳಬೇಕೆಂಬುದು ನನಗೆ ವಿಚಿತ್ರವಾಗಿ ತೋರಿತು. ಮನೆಗೆ ಬಂದು ಆ್ಯಪ್ ಹಾಕಿಕೊಂಡೆವು. ಒಳಗೆ ಸಿಗ್ನಲ್ ನಿಲ್ಲದ್ದರಿಂದ ಅವರನ್ನು ನಿಧಾನವಾಗಿ ತಾರಸಿಗೆ ಹತ್ತಿಸಿ ಕುರ್ಚಿಯ ಮೇಲೆ ಕೂರಿಸಿದೆ. ಪರದೆಯ ಮೇಲಿನ ವೃತ್ತದೊಳಗೆ ಮುಖವಿಟ್ಟು ಕಣ್ಣು ಮಿಟುಕಿಸಬೇಕೆಂಬ ಸೂಚನೆ ಬಂತು. ಮಾವ ಶಾಲೆಯ ಹುಡುಗನ ಹಾಗೆ ಮಿಟುಕಿಸಿದರು. ವೃತ್ತ ಸುತ್ತುತ್ತಲೇ ಇತ್ತು, ಅವರು ಮಿಟುಕಿಸುತ್ತಲೇ ಇದ್ದರು. ಕೊನೆಗೆ 'ಸಮಯ ಮೀರಿದೆ, ಮತ್ತೊಮ್ಮೆ ಪ್ರಯತ್ನಿಸಿ' ಎಂದು ಬಂತು. ಮತ್ತೊಮ್ಮೆ ಪ್ರಯತ್ನಿಸಿದಾಗ ಒಟಿಪಿ ಬಂದದ್ದು ಅದರ ಅವಧಿ ಮುಗಿದ ಮೇಲೆ. ಮೂರು ದಿನ ಇದೇ ಕಥೆ. ನಾಲ್ಕನೆಯ ದಿನ, ಬೇರೆಯವರೆಲ್ಲ ಇನ್ನೂ ಮಲಗಿರುವ ಬೆಳಗಿನ ಐದೂವರೆಗೆ, ಒಂದೇ ಏಟಿಗೆ ಕೆಲಸವಾಯಿತು. ಆ ಫೋನು ನನ್ನದು, ಡೇಟಾ ನನ್ನದು, ಬಿಡುವೂ ನನ್ನದು. ಈ ಮೂರೂ ಇಲ್ಲದ ವೃದ್ಧರು ಏನು ಮಾಡುತ್ತಾರೆಂಬುದಕ್ಕೆ ಕೌಂಟರಿನವರ ಬಳಿ ಉತ್ತರವಿರಲಿಲ್ಲ.

ಹಕ್ಕಿನ ಪ್ರಶ್ನೆ ಹುಟ್ಟುವುದೇ ಇಲ್ಲಿ ಎಂದು ನನಗನ್ನಿಸುತ್ತದೆ. ಅಂತರ್ಜಾಲವು ಕೇವಲ ಅನುಕೂಲವಾಗಿದ್ದಷ್ಟು ಕಾಲ ಅದು ಬೇಕಾದವರು ಹಣ ಕೊಟ್ಟು ಪಡೆಯುವ ಸೇವೆ. ಅದಿಲ್ಲದವನು ಒಂದಿಷ್ಟು ಹೆಚ್ಚು ಓಡಾಡಬೇಕಾದೀತು, ಅಷ್ಟೇ. ಆದರೆ ಪರೀಕ್ಷೆಯ ಅರ್ಜಿ, ಆಸ್ಪತ್ರೆಯ ಭೇಟಿಯ ಸಮಯ, ತೆರಿಗೆಯ ಲೆಕ್ಕ, ಸಹಾಯಧನದ ನೋಂದಣಿ, ಉದ್ಯೋಗದ ಪ್ರಕಟಣೆ ಎಲ್ಲವೂ ಒಂದೊಂದಾಗಿ ಆ ಬಾಗಿಲಿನಿಂದ ಮಾತ್ರ ಎಂದಾಗಿ, ಹಳೆಯ ಬಾಗಿಲಿಗೆ ಬೀಗ ಬಿದ್ದ ಮೇಲೆ, ಸಂಪರ್ಕವಿಲ್ಲದವನು ಕಳೆದುಕೊಳ್ಳುವುದು ಅನುಕೂಲವನ್ನಲ್ಲ, ತನಗೆ ಮೊದಲೇ ಇದ್ದ ಹಕ್ಕುಗಳನ್ನು. ಬೀಗ ಹಾಕಿದವರೇ ಹೊಸ ಬಾಗಿಲಿಗೆ ದಾರಿಯನ್ನೂ ಮಾಡಿಕೊಡಬೇಕು ಎಂಬುದಷ್ಟೇ ನನ್ನ ವಾದ.

ಇದಕ್ಕೆ ಎದುರಾಗಿ ತೂಕದ ಮಾತಾಡಿದವರು ಅಂತರ್ಜಾಲದ ಜನಕರಲ್ಲೊಬ್ಬರೆಂದೇ ಹೆಸರಾದ ವಿಂಟ್ ಸರ್ಫ್. ಬೇರೆ ಬೇರೆ ಕಂಪ್ಯೂಟರ್ ಜಾಲಗಳು ಒಂದರೊಡನೊಂದು ವ್ಯವಹರಿಸಲು ಬೇಕಾದ ಟಿಸಿಪಿ/ಐಪಿ ನಿಯಮಾವಳಿಯನ್ನು ರಾಬರ್ಟ್ ಕಾನ್ ಅವರ ಜೊತೆಗೂಡಿ ರೂಪಿಸಿದ ಸರ್ಫ್, 2012ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಬರೆದ ಲೇಖನದಲ್ಲಿ, ತಂತ್ರಜ್ಞಾನವು ಹಕ್ಕುಗಳನ್ನು ಸಾಧ್ಯವಾಗಿಸುವ ಸಾಧನವೇ ಹೊರತು ತಾನೇ ಒಂದು ಹಕ್ಕಲ್ಲ ಎಂದರು. ಒಂದು ಕಾಲದಲ್ಲಿ ಕುದುರೆಯಿಲ್ಲದೆ ಹೊಟ್ಟೆ ಹೊರೆಯುವುದು ಕಷ್ಟವಾಗಿತ್ತು; ಆಗಲೂ ಮುಖ್ಯವಾದ ಹಕ್ಕು ದುಡಿದು ಬದುಕುವುದಾಗಿತ್ತೇ ಹೊರತು ಕುದುರೆಯಲ್ಲ ಎಂಬುದು ಅವರು ಕೊಟ್ಟ ಹೋಲಿಕೆ. ಹೋಲಿಕೆ ಸೊಗಸಾಗಿದೆ. ಆದರೆ ಆ ಕಾಲದ ಕಚೇರಿಗಳು 'ನಡೆದು ಬಂದವರ ಅರ್ಜಿಯನ್ನು ಸ್ವೀಕರಿಸಲಾಗುವುದಿಲ್ಲ' ಎಂದು ಫಲಕ ತೂಗುಹಾಕಿರಲಿಲ್ಲ. ಹಾಗೆ ಹಾಕಿದ್ದರೆ ಕುದುರೆಯನ್ನು ಕೇಳುವ ಹಕ್ಕು ಜನರಿಗೆ ತಾನಾಗಿಯೇ ಬರುತ್ತಿತ್ತು. ಸರ್ಫ್ ಅವರೂ ಅದೇ ಲೇಖನದಲ್ಲಿ, ಮಾನವ ಹಕ್ಕು ಎನ್ನುವುದಕ್ಕಿಂತ ನಾಗರಿಕ ಹಕ್ಕು ಎಂಬ ವಾದಕ್ಕೆ ಹೆಚ್ಚು ಬಲವಿದೆಯೆಂದು ಒಪ್ಪಿಕೊಂಡಿದ್ದಾರೆ. ಹೆಸರು ಯಾವುದಾದರೂ ಇರಲಿ, ಹೊಣೆ ಯಾರದು ಎಂಬುದು ನನಗೆ ಮುಖ್ಯ.

ಈ ಹೊಣೆಯನ್ನು ಹೊತ್ತ ದೇಶಗಳಿಲ್ಲದಿಲ್ಲ. ಎಸ್ಟೋನಿಯಾ 2000ದಷ್ಟು ಹಿಂದೆಯೇ ತನ್ನ ದೂರಸಂಪರ್ಕ ಕಾಯ್ದೆಯಲ್ಲಿ ಅಂತರ್ಜಾಲವನ್ನು ಎಲ್ಲರಿಗೂ ದೊರೆಯಬೇಕಾದ ಸೇವೆಗಳ ಸಾಲಿಗೆ ಸೇರಿಸಿತು. ಗ್ರೀಸ್ 2001ರಲ್ಲಿ ಮಾಹಿತಿ ಸಮಾಜದಲ್ಲಿ, ಎಂದರೆ ಮಾಹಿತಿಯು ಎಲೆಕ್ಟ್ರಾನಿಕ್ ರೂಪದಲ್ಲಿ ಹರಿದಾಡುವ ಸಮಾಜದಲ್ಲಿ, ಪಾಲ್ಗೊಳ್ಳುವ ಹಕ್ಕನ್ನು ಸಂವಿಧಾನಕ್ಕೇ ಸೇರಿಸಿತು. ಫಿನ್‌ಲೆಂಡ್ ಮಾಡಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿದೆ, ಏಕೆಂದರೆ ಅಲ್ಲಿ ಆದರ್ಶದ ಮಾತಿಗಿಂತ ಅಳತೆಯ ಮಾತಿದೆ. 2010ರ ಜುಲೈ 1ರಿಂದ ಪ್ರತಿಯೊಬ್ಬ ನಿವಾಸಿಗೂ ಸೆಕೆಂಡಿಗೆ ಕನಿಷ್ಠ 1 ಮೆಗಾಬಿಟ್ ವೇಗದ ಸಂಪರ್ಕವನ್ನು ನ್ಯಾಯವಾದ ದರದಲ್ಲಿ ಒದಗಿಸುವುದು ಅಲ್ಲಿ ಕಂಪನಿಗಳ ಮೇಲಿನ ಕಾನೂನಿನ ಕಟ್ಟಳೆಯಾಯಿತು. ಆ ಕನಿಷ್ಠ ವೇಗವನ್ನು ಮುಂದೆ ಹೆಚ್ಚಿಸಲಾಯಿತು ಕೂಡ. ಹಕ್ಕು ಎಂದರೆ ಹೀಗಿರಬೇಕು: ಇಷ್ಟು ವೇಗ, ಇಂತಹ ದಿನದಿಂದ, ಸಿಗದಿದ್ದರೆ ಇಂಥವರನ್ನು ಕೇಳಿ ಎಂದು ಬೆರಳಿಟ್ಟು ತೋರಿಸುವಂತಿರಬೇಕು. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2013ರ ಜನವರಿಯಲ್ಲಿ, ಕಂಪನಿಯ ತಪ್ಪಿನಿಂದ ವಾರಗಟ್ಟಲೆ ಸಂಪರ್ಕ ಕಳೆದುಕೊಂಡ ಗ್ರಾಹಕನಿಗೆ, ಹಣಕಾಸಿನ ನಷ್ಟ ತೋರಿಸದಿದ್ದರೂ ಪರಿಹಾರ ಸಲ್ಲಬೇಕು, ಏಕೆಂದರೆ ಅಂತರ್ಜಾಲವು ಖಾಸಗಿ ಬದುಕಿನ ಕೇಂದ್ರದಲ್ಲಿರುವ ವಸ್ತು ಎಂದಿತು. ಅದೇ ಗ್ರಾಹಕ ತನ್ನ ಫ್ಯಾಕ್ಸ್ ಕೆಟ್ಟಿದ್ದಕ್ಕೂ ಪರಿಹಾರ ಕೇಳಿದ್ದ. ಅದಿಲ್ಲದೆಯೂ ಬದುಕು ಸಾಗುತ್ತದೆಯೆಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಯಾವುದು ಅಗತ್ಯ, ಯಾವುದು ಅಲ್ಲ ಎಂಬುದನ್ನು ಕಾಲ ಬದಲಾಯಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ನನಗೆ ಹೊಳೆಯುತ್ತಿಲ್ಲ.

ಸಂಪರ್ಕ ಕೊಡುವುದು ಒಂದು ಮುಖವಾದರೆ, ಕೊಟ್ಟದ್ದನ್ನು ಮನಬಂದಂತೆ ಕಿತ್ತುಕೊಳ್ಳದಿರುವುದು ಇನ್ನೊಂದು. ಫ್ರಾನ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುರಿದು ಹಾಡು, ಚಲನಚಿತ್ರಗಳನ್ನು ಇಳಿಸಿಕೊಂಡವರ ಸಂಪರ್ಕವನ್ನು ಆಡಳಿತ ಸಂಸ್ಥೆಯೊಂದು ಕಡಿತಗೊಳಿಸಬಹುದೆಂಬ ಕಾನೂನು ಬಂದಾಗ, 2009ರ ಜೂನ್ 10ರಂದು ಅಲ್ಲಿನ ಸಾಂವಿಧಾನಿಕ ಮಂಡಳಿಯು ಆ ಅಂಶವನ್ನು ರದ್ದುಮಾಡಿತು. ಅಂತರ್ಜಾಲಕ್ಕೆ ಪ್ರವೇಶವು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ, ಅದನ್ನು ಕಸಿಯುವ ಅಧಿಕಾರವನ್ನು ಅಧಿಕಾರಿಗಳಿಗೆ ಒಪ್ಪಿಸಲಾಗದು ಎಂಬುದು ಅದರ ನಿಲುವು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 19ನೆಯ ವಿಧಿ ಮಾಹಿತಿಯನ್ನು 'ಯಾವುದೇ ಮಾಧ್ಯಮದ ಮೂಲಕ' ಪಡೆಯುವ ಮತ್ತು ಹಂಚುವ ಸ್ವಾತಂತ್ರ್ಯದ ಬಗ್ಗೆ ಹೇಳುತ್ತದೆ; ಅದನ್ನು ಬರೆದವರ ಕಣ್ಣಮುಂದೆ ಇದ್ದದ್ದು ಮುದ್ರಣ ಮತ್ತು ರೇಡಿಯೊ, ಆದರೂ ಅವರು ಮಾಧ್ಯಮದ ಹೆಸರು ಹೇಳದೆ ಜಾಣತನ ಮೆರೆದರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು 2012ರಲ್ಲಿ, ಜನರಿಗೆ ಅಂತರ್ಜಾಲದ ಹೊರಗೆ ಇರುವ ಹಕ್ಕುಗಳೇ ಆನ್‌ಲೈನ್‌ನಲ್ಲೂ ರಕ್ಷಣೆ ಪಡೆಯಬೇಕೆಂದಿತು. 2016ರಲ್ಲಿ ಉದ್ದೇಶಪೂರ್ವಕವಾಗಿ ಸಂಪರ್ಕ ಕಡಿಯುವುದನ್ನು ಖಂಡಿಸಿತು. ಇವು ಯಾವ ಸರ್ಕಾರವನ್ನೂ ಕಟ್ಟಿಹಾಕುವ ಕಾನೂನುಗಳಲ್ಲ ಎಂಬುದು ನಿಜ.

ಭಾರತದ ನ್ಯಾಯಾಲಯಗಳೂ ಈ ದಾರಿಯಲ್ಲಿ ಎಚ್ಚರಿಕೆಯ ಹೆಜ್ಜೆ ಇಟ್ಟಿವೆ. ಹಾಸ್ಟೆಲಿನಲ್ಲಿ ಮೊಬೈಲ್ ಬಳಕೆಗೆ ಹೇರಿದ ನಿರ್ಬಂಧವನ್ನು ಒಪ್ಪದ ವಿದ್ಯಾರ್ಥಿನಿಯನ್ನು ಹೊರಹಾಕಿದ ಪ್ರಕರಣದಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ, ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಮತ್ತು ಖಾಸಗಿತನದ ಹಕ್ಕುಗಳ ಭಾಗವೆಂದು ಹೇಳಿತು. ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು, ಅಂತರ್ಜಾಲದ ಮೂಲಕ ಮಾತಾಡುವ, ವ್ಯಾಪಾರ ಮಾಡುವ ಸ್ವಾತಂತ್ರ್ಯಕ್ಕೆ ಸಂವಿಧಾನದ ರಕ್ಷಣೆಯಿದೆ, ಅನಿರ್ದಿಷ್ಟ ಕಾಲ ಸೇವೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದ ಆದೇಶವನ್ನು ಪ್ರಕಟಿಸಬೇಕು ಎಂದಿತು. ಸಂಪರ್ಕವೇ ಒಂದು ಮೂಲಭೂತ ಹಕ್ಕೇ ಎಂಬ ಪ್ರಶ್ನೆಯನ್ನು ಮಾತ್ರ ಅದು ಮುಟ್ಟಲಿಲ್ಲ. ಇರುವ ಸಂಪರ್ಕಕ್ಕೆ ಕಾವಲು ಸಿಕ್ಕಿತು, ಇಲ್ಲದವನಿಗೆ ಸಂಪರ್ಕ ಸಿಗಲಿಲ್ಲ ಎಂದು ನಾನು ಇದನ್ನು ಓದಿಕೊಂಡಿದ್ದೇನೆ.

ಸಂಪರ್ಕ ಪೂರ್ತಿ ಕಡಿದರೆ ಏನಾಗುತ್ತದೆಂಬುದಕ್ಕೆ ಟೊಂಗಾ ದ್ವೀಪರಾಷ್ಟ್ರವನ್ನು ನೋಡಬಹುದು. 2022ರ ಜನವರಿ 15ರಂದು ಸಮುದ್ರದಡಿಯ ಜ್ವಾಲಾಮುಖಿ ಸಿಡಿದು, ಆ ದೇಶವನ್ನು ಹೊರಜಗತ್ತಿಗೆ ಜೋಡಿಸಿದ್ದ ಒಂದೇ ಒಂದು ಕೇಬಲ್ ತುಂಡಾಯಿತು. ಸುಮಾರು ಒಂದು ಲಕ್ಷ ಜನರ ಆ ದೇಶದಿಂದ ಹೊರನಾಡಿನಲ್ಲಿರುವ ಬಂಧುಗಳಿಗೆ 'ಬದುಕಿದ್ದೇವೆ' ಎಂಬ ಒಂದು ಮಾತನ್ನೂ ದಾಟಿಸಲಾಗಲಿಲ್ಲ. ಉಪಗ್ರಹದ ಮೂಲಕ ಸ್ವಲ್ಪ ಸಂಪರ್ಕ ಬಂತಾದರೂ, ಕೇಬಲ್ ದುರಸ್ತಿಯಾಗಿ ಮುಖ್ಯ ದ್ವೀಪ ಮೊದಲಿನಂತಾಗಲು ಐದು ವಾರ ಹಿಡಿಯಿತು. ಅದು ಪ್ರಕೃತಿಯ ಕೈವಾಡ. 2011ರ ಜನವರಿ ಕೊನೆಯಲ್ಲಿ ಈಜಿಪ್ಟ್ ಸರ್ಕಾರ ಪ್ರತಿಭಟನೆ ಅಡಗಿಸಲು ಸುಮಾರು ಐದು ದಿನ ದೇಶದ ಅಂತರ್ಜಾಲವನ್ನು ಬಹುತೇಕ ಆರಿಸಿದಾಗ ಅಲ್ಲಿ ಜ್ವಾಲಾಮುಖಿಯೇನೂ ಇರಲಿಲ್ಲ.

ಇನ್ನು ಸಂಪರ್ಕವೇ ಇಲ್ಲದವರ ಮಾತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜಿನಂತೆ ಜಗತ್ತಿನಲ್ಲಿ ಆಗ 550 ಕೋಟಿ ಜನ ಅಂತರ್ಜಾಲ ಬಳಸುತ್ತಿದ್ದರು, 260 ಕೋಟಿ ಜನ ಬಳಸುತ್ತಿರಲಿಲ್ಲ. ಶ್ರೀಮಂತ ದೇಶಗಳಲ್ಲಿ ಬಳಕೆದಾರರ ಪ್ರಮಾಣ ಶೇ 93. ಅತಿ ಕಡಿಮೆ ಆದಾಯದ ದೇಶಗಳಲ್ಲಿ ಶೇ 27. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ: ಟವರ್ ನಿಲ್ಲಿಸಿದರೆ ಸಮಸ್ಯೆ ತೀರಿತೆಂದು ತಿಳಿಯುತ್ತಾರೆ. ಆದರೆ ಈ 260 ಕೋಟಿಯಲ್ಲಿ ಹೆಚ್ಚಿನವರು ವಾಸಿಸುವುದು ಮೊಬೈಲ್ ಸಿಗ್ನಲ್ ಇರುವ ಕಡೆಯೇ. ತಲೆಯ ಮೇಲೆ ತರಂಗ ಹಾದುಹೋಗುತ್ತಿದ್ದರೂ ಕೈಯಲ್ಲಿ ತಕ್ಕ ಫೋನಿಲ್ಲ, ಇದ್ದರೂ ಡೇಟಾ ಹಾಕಿಸಲು ಹಣವಿಲ್ಲ, ಹಾಕಿಸಿದರೂ ಪರದೆಯ ಮೇಲಿನ ಭಾಷೆ ತಿಳಿಯುವುದಿಲ್ಲ. ಮನೆಯಲ್ಲಿ ಒಂದೇ ಫೋನಿದ್ದು ಅದು ಗಂಡನ ಜೇಬಿನಲ್ಲಿದ್ದರೆ, ಲೆಕ್ಕದಲ್ಲಿ ಆ ಮನೆಗೆ ಸಂಪರ್ಕವಿದೆ, ಹೆಂಡತಿಗೆ ಇಲ್ಲ. ದರದ ವಿಷಯದಲ್ಲಿ, ಪ್ರಾಥಮಿಕ ಮಟ್ಟದ ಬ್ರಾಡ್‌ಬ್ಯಾಂಡ್ ವೆಚ್ಚವು ತಲಾ ಮಾಸಿಕ ರಾಷ್ಟ್ರೀಯ ಆದಾಯದ ಶೇ 2ನ್ನು ಮೀರಬಾರದೆಂದು ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ ಗುರಿ ಹಾಕಿಕೊಂಡಿತ್ತು. ಅಳತೆ ಸರಿಯಾದುದೇ, ಆದರೆ ಸರಾಸರಿಯ ಶೇ 2 ಎಂಬುದು ಬಡವನ ಕೈಯಲ್ಲಿ ಹತ್ತೋ ಇಪ್ಪತ್ತೋ ಆಗಬಹುದು.

ನೀರು, ಅನ್ನ, ಔಷಧಿಗಳೇ ಎಲ್ಲರಿಗೂ ಸಿಗದಿರುವಾಗ ಇಂಟರ್ನೆಟ್ಟಿನ ಹಕ್ಕೇ ಎಂದು ಕೇಳುವವರಿದ್ದಾರೆ. ಅವರ ಕಳಕಳಿಯನ್ನು ಗೌರವಿಸುತ್ತೇನೆ. ಆದರೆ ಔಷಧಿಯ ಸಹಾಯಧನಕ್ಕೆ ಅರ್ಜಿ ಹಾಕುವುದೇ ಆನ್‌ಲೈನ್‌ನಲ್ಲಿ ಎಂದಾದ ಮೇಲೆ ಇವೆರಡನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುವುದು ಹೇಗೆ? ಸುಳ್ಳು ಸುದ್ದಿ, ವಂಚನೆ, ಮಕ್ಕಳ ಫೋನಿನ ಗೀಳು ಮುಂತಾದವು ದೊಡ್ಡ ಸಮಸ್ಯೆಗಳೇ, ಅವುಗಳಿಗೆ ಬೇರೆಯೇ ಪತ್ರ ಬೇಕು.

ನಾನು ಕೇಳುವ ಹಕ್ಕಿನಲ್ಲಿ ಅಂತರ್ಜಾಲ ಬಳಸದೆಯೂ ಕೆಲಸ ಮಾಡಿಸಿಕೊಳ್ಳುವ ಅವಕಾಶ ಸೇರಿರಬೇಕು ಎಂಬುದನ್ನು ಒತ್ತಿ ಹೇಳಬೇಕಿದೆ. ಎಲ್ಲರ ಕೈಗೂ ಫೋನು ಬಂದ ದಿನವೂ ನಡುಗುವ ಬೆರಳುಗಳು, ಮಸುಕಾದ ಕಣ್ಣುಗಳು ಇದ್ದೇ ಇರುತ್ತವೆ. ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಗಂಟೆ ಒಂದು ಕೌಂಟರು ತೆರೆದಿದ್ದು, ಅಲ್ಲಿ ಒಬ್ಬ ಗುಮಾಸ್ತರು ಕಾಗದವನ್ನೋ ಬಾಯಿಮಾತನ್ನೋ ಸ್ವೀಕರಿಸಿ ತಾವೇ ಕಂಪ್ಯೂಟರಿಗೆ ತುಂಬಿದರೆ ಯಾವ ಆಡಳಿತವೂ ಮುಳುಗುವುದಿಲ್ಲ.

ಕೊನೆಗೆ ನಿಮ್ಮಲ್ಲೊಂದು ಕೋರಿಕೆ. ಇಂಥ ಸೇವೆ ಇನ್ನು ಮುಂದೆ ಆನ್‌ಲೈನ್‌ನಲ್ಲಿ ಮಾತ್ರ ಲಭ್ಯವೆಂಬ ಪ್ರಕಟಣೆಗಳು ಪತ್ರಿಕೆಗೆ ಬರುತ್ತಲೇ ಇರುತ್ತವೆ, ನೀವು ಅವನ್ನು ಅಚ್ಚುಮಾಡುತ್ತಲೂ ಇರುತ್ತೀರಿ. ಮುಂದಿನ ಸಲ ಅಂಥದ್ದೊಂದು ಬಂದಾಗ, ಫೋನಿಲ್ಲದವರು ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗಬೇಕೆಂದು ಕಳುಹಿಸಿದವರನ್ನು ಕೇಳಿ, ಅವರು ಕೊಟ್ಟ ಉತ್ತರವನ್ನೂ ಪ್ರಕಟಣೆಯ ಕೆಳಗೇ ಅಚ್ಚುಮಾಡಿ. ಉತ್ತರ ಬರದಿದ್ದರೆ, ಬರಲಿಲ್ಲವೆಂದೇ ಅಚ್ಚುಮಾಡಿ.

ಇಂತಿ ನಿಮ್ಮ ವಿಶ್ವಾಸಿ,
ಪತ್ರಿಕೆಯ ಹಳೆಯ ಓದುಗ