ಸುಮ್ನೆ ಎಬ್ಬಿಸೋ ಪ್ರೋಗ್ರಾಮುಗಳ ಬಗ್ಗೆ ಎರಡು ಮಾತು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಲ್ಯಾಪ್‌ಟಾಪ್ ಬ್ಯಾಟರಿ ಉಳಿಸೋದು ಹೇಗೆ ಅಂತ ಅರ್ಧ ಪುಟ ಹಾಕಿದ್ರಿ. ಬ್ರೈಟ್‌ನೆಸ್ ಇಳಿಸಿ, ಬ್ಲೂಟೂತ್ ಆಫ್ ಮಾಡಿ, ಬೇಡದ ಪ್ರೋಗ್ರಾಮ್ ಮುಚ್ಚಿ, ಎಲ್ಲ ಸರಿ, ನಂದೇನೂ ತಕರಾರಿಲ್ಲ. ಆದ್ರೆ ಕೊನೇಲಿ ಒಂದು ಸಾಲು ಇತ್ತಲ್ಲ, ಪ್ರೊಸೆಸರ್ ಬಳಕೆ 1 ಪರ್ಸೆಂಟಿಗಿಂತ ಕಡಿಮೆ ತೋರಿಸೋ ಪ್ರೋಗ್ರಾಮಿಂದ ಬ್ಯಾಟರಿಗೆ ಏನೂ ತೊಂದರೆ ಇಲ್ಲ ಅಂತ, ಅದನ್ನ ಓದಿ ಸುಮ್ನೆ ಕೂರೋಕಾಗ್ಲಿಲ್ಲ. ಯಾಕಂದ್ರೆ ಬಳಕೆ ಕಡಿಮೆ ತೋರಿಸ್ತಾನೇ ಪ್ರೊಸೆಸರನ್ನ ಪದೇ ಪದೇ ನಿದ್ದೆಯಿಂದ ಎಬ್ಬಿಸಿ ಬ್ಯಾಟರಿ ತಿನ್ನೋ ಅಂಥದ್ದೇ ಒಂದು ಪ್ರೋಗ್ರಾಮ್ ಹಿಡಿಯೋಕೆ ನಾನು ಎರಡು ವಾರ ಒದ್ದಾಡಿದ್ದೀನಿ.

ಸಾಗರದ ಕಡೆ ಒಂದು ಡಿಪ್ಲೊಮಾ ಕಾಲೇಜಲ್ಲಿ ಕಂಪ್ಯೂಟರ್ ಲ್ಯಾಬ್ ನೋಡ್ಕೊಳ್ತೀನಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಕಥೆ ನಿಮಗೆ ಹೇಳ್ಬೇಕಾಗಿಲ್ಲ, ಮರ ಬಿತ್ತು ಅಂದ್ರೆ ಆ ದಿನ ಮುಗೀತು, ಹಾಗಾಗಿ ಲ್ಯಾಬಿನ ಹಳೇ ಲ್ಯಾಪ್‌ಟಾಪ್‌ಗಳು ಬ್ಯಾಟರೀಲಿ ಎಷ್ಟು ಹೊತ್ತು ಓಡ್ತವೆ ಅನ್ನೋದು ನಮಗೆ ದೊಡ್ಡ ವಿಷಯ. ನಾಲ್ಕು ಗಂಟೆ ಬರ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಮೂರಕ್ಕಿಂತ ಕೆಳಗೆ ಬಂತು. ಎಲ್ಲ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಮೆಷಿನ್‌ಗಳೇ. ಯಾವ ಪ್ರೋಗ್ರಾಮ್ ಪ್ರೊಸೆಸರ್ ಎಷ್ಟು ಬಳಸ್ತಿದೆ ಅಂತ ತೋರಿಸೋ ಟಾಪ್ ಅನ್ನೋ ಕಮಾಂಡ್ ಹಾಕಿ ನೋಡಿದ್ರೆ ಯಾವುದೂ ಕೆಲಸ ಮಾಡ್ತಿಲ್ಲ, ಎಲ್ಲದೂ ಅರ್ಧ, ಮುಕ್ಕಾಲು ಪರ್ಸೆಂಟ್. ಬ್ಯಾಟರಿ ಹಳೇದಾಯ್ತು ಅಂತ ಎಲ್ರೂ ಅಂದ್ರು, ಸರಿ ಎಲ್ಲ ಬ್ಯಾಟರಿಗೂ ಒಂದೇ ವಾರ ವಯಸ್ಸಾಯ್ತಾ?

ಇದು ಅರ್ಥ ಆಗ್ಬೇಕಂದ್ರೆ ಪ್ರೊಸೆಸರ್ ನಿದ್ದೆ ಹೇಗೆ ಮಾಡತ್ತೆ ಅಂತ ಗೊತ್ತಿರ್ಬೇಕು. ಊರಿನ ಒಂದು ಕಿರಾಣಿ ಅಂಗಡಿ ಅಂದ್ಕೊಳ್ಳಿ. ಗಿರಾಕಿ ಇಲ್ಲ ಅಂದ್ರೆ ಅಂಗಡಿಯವ್ನು ಗಲ್ಲಾ ಪೆಟ್ಟಿಗೆ ಮುಂದೇನೇ ತೂಕಡಿಸಬಹುದು, ಲೈಟು ಫ್ಯಾನು ಆರಿಸಿ ಒರಗಬಹುದು, ಇಲ್ಲಾ ಶಟರ್ ಎಳೆದು ಬೀಗ ಹಾಕಿ ಮನೆಗೆ ಹೋಗಿ ಮಲಗಬಹುದು. ನಿಜವಾಗಿ ಕರೆಂಟ್ ಉಳಿಯೋದು ಮೂರನೇದ್ರಲ್ಲಿ, ಆದ್ರೆ ಶಟರ್ ಇಳಿಸಿ ಎತ್ತೋಕೇ ಹೊತ್ತು ಹಿಡಿಯತ್ತೆ, ಪ್ರೊಸೆಸರ್ ವಿಷಯದಲ್ಲಿ ಅದು ನೂರು ಮೈಕ್ರೊಸೆಕೆಂಡ್ ಆಸುಪಾಸು, ಕೆಲವು ಸಲ ಅದಕ್ಕೂ ಜಾಸ್ತಿ. ಒಂದಷ್ಟು ಹೊತ್ತು ಮಲಗೇ ಇರ್ತೀನಿ ಅನ್ನೋ ಗ್ಯಾರಂಟಿ ಇಲ್ದಿದ್ರೆ ಶಟರ್ ಎಳೆಯೋದೇ ಲಾಸು.

ಹಳೇ ಕರ್ನೆಲ್‌ಗಳಲ್ಲಿ (ಕರ್ನೆಲ್ ಅಂದ್ರೆ ಲಿನಕ್ಸಿನ ತಿರುಳು, ಎಲ್ಲ ಪ್ರೋಗ್ರಾಮನ್ನೂ ನಡೆಸೋ ಭಾಗ) ಆ ಗ್ಯಾರಂಟಿ ಇರ್ಲೇ ಇಲ್ಲ. ಅಲ್ಲಿ ಟೈಮರ್ ಟಿಕ್ ಅಂತ ಒಂದಿತ್ತು, ಸೆಕೆಂಡಿಗೆ ಇಷ್ಟು ಸಲ ಅಂತ ಫಿಕ್ಸು, ಗಡಿಯಾರ ಮುಂದಕ್ಕೆ ತಳ್ಳೋದು, ಈಗ ಓಡ್ತಿರೋ ಪ್ರೋಗ್ರಾಮಿನ ಸರದಿ ಮುಗೀತಾ ನೋಡೋದು, ಟೈಮ್ ಆಗಿರೋ ಟೈಮರ್ ಯಾವ್ದಾದ್ರೂ ಇದೆಯಾ ಹುಡುಕೋದು, ಎಲ್ಲ ಆ ಟಿಕ್‌ನಲ್ಲೇ. ಪಿಸಿಯಲ್ಲಿ ಲಿನಕ್ಸ್ ಮೊದಲಿಗೆ ಸೆಕೆಂಡಿಗೆ 100 ಟಿಕ್ ಇಟ್ಕೊಂಡಿತ್ತು, 2.6ನೇ ವರ್ಷನ್ನಿಗೆ ಬಂದಾಗ 1000 ಮಾಡಿದ್ರು, ಕೆಲಸ ಚುರುಕಾಗತ್ತೆ ಅಂತ. ಬ್ಯಾಟರೀಲಿ ಲ್ಯಾಪ್‌ಟಾಪ್ ಓಡಿಸೋರು ಗೊಣಗಿದ್ರು, ಜಗಳ ಆಯ್ತು, ಕೊನೆಗೆ 2005ರಲ್ಲಿ 2.6.13 ಬಂದಾಗ ಬೇಕಾದ್ದು ಆರಿಸ್ಕೊಳ್ಳಿ ಅಂತ ಬಿಟ್ಟು ಡಿಫಾಲ್ಟ್ 250 ಮಾಡಿದ್ರು, ನಡುವಿನ ದಾರಿ.

ಸೆಕೆಂಡಿಗೆ 1000 ಅಂದ್ರೆ ಗಿರಾಕಿ ಬರ್ಲಿ ಬಿಡ್ಲಿ ಮಿಲಿಸೆಕೆಂಡಿಗೊಂದು ಸಲ ಶಟರ್ ಎತ್ತಿ ಯಾರಾದ್ರೂ ಬಂದ್ರಾ ಅಂತ ಇಣುಕೋದು. ಹಿಂಗಾದ್ರೆ ಯಾರು ಮಲಗ್ತಾರೆ.

ಇದ್ರ ಬಿಸಿ ಮೊದಲು ಜೋರಾಗಿ ತಟ್ಟಿದ್ದು ಲ್ಯಾಪ್‌ಟಾಪಿಗಲ್ಲ, ಐಬಿಎಂನ ಮೇನ್‌ಫ್ರೇಮ್ ಅನ್ನೋ ದೊಡ್ಡ ಕಂಪ್ಯೂಟರಿಗೆ. ಒಂದೇ ದೊಡ್ಡ ಮೆಷಿನ್ ಮೇಲೆ ನೂರಾರು ಲಿನಕ್ಸ್ ವರ್ಚುವಲ್ ಮೆಷಿನ್ (ಸಾಫ್ಟ್‌ವೇರಲ್ಲೇ ಮಾಡಿದ ಕಂಪ್ಯೂಟರ್) ಓಡಿಸ್ತಿದ್ರು, 300 ಇದ್ರೆ ಒಂದೊಂದಕ್ಕೆ 100 ಟಿಕ್, ಎಲ್ಲವೂ ಕೈಕಟ್ಟಿ ಕೂತಿದ್ರೂ ಸೆಕೆಂಡಿಗೆ 30,000 ಸಲ ಕೆಳಗಿನ ಮೆಷಿನ್ ಎದ್ದು ಕೂರ್ಬೇಕು. ಅಲ್ಲಿನ ಮಾರ್ಟಿನ್ ಶ್ವಿಡೆಫ್ಸ್ಕಿ 2001ರಲ್ಲೇ ಈ ಟಿಕ್ ತೆಗೆಯೋಣ ಅಂತ ಪ್ಯಾಚ್ (ಕೋಡಿಗೆ ತಿದ್ದುಪಡಿ) ಮುಂದಿಟ್ಟಿದ್ರು. ಪಿಸಿಗೆ ಬರೋಕೆ 2007ರ ಏಪ್ರಿಲ್ ಆಯ್ತು, 2.6.21ರಲ್ಲಿ, ಥಾಮಸ್ ಗ್ಲೈಕ್ಸ್‌ನರ್ ಮತ್ತೆ ಇಂಗೊ ಮೊಲ್ನಾರ್ ಕೆಲಸ ಅದು. ಐಡಿಯಾ ಸಿಂಪಲ್ಲು. ಕೆಲಸ ಇಲ್ಲ ಅಂದಾಗ ಕರ್ನೆಲ್ ಪುಸ್ತಕ ತೆಗೆದು ಮುಂದಿನ ಟೈಮರ್ ಎಷ್ಟು ಹೊತ್ತಿಗಿದೆ ಅಂತ ನೋಡತ್ತೆ, ಅಷ್ಟು ಹೊತ್ತಿಗೆ ಒಂದೇ ಅಲಾರಂ ಇಟ್ಟು ಶಟರ್ ಎಳೆಯತ್ತೆ, ಮಧ್ಯೆ ಯಾರಾದ್ರೂ ಕೀಬೋರ್ಡ್ ಒತ್ತಿದ್ರೋ ನೆಟ್‌ವರ್ಕಿಂದ ಏನೋ ಬಂತೋ, ಅದು ಬೆಲ್ ಹೊಡೆದ ಹಾಗೆ, ಆವಾಗ ಏಳತ್ತೆ. ಕೆಲಸ ಶುರುವಾದ ಕೂಡ್ಲೆ ಟಿಕ್ ವಾಪಸ್.

ನೀವೂ ನೋಡಬಹುದು. ಪ್ರಾಕ್ ಫೋಲ್ಡರಿನಲ್ಲಿ ಇಂಟರಪ್ಟ್ಸ್ ಅನ್ನೋ ಫೈಲ್ ಇದೆ, ಅದ್ರಲ್ಲಿ ಎಲ್‌ಓಸಿ ಅಂತ ಶುರುವಾಗೋ ಸಾಲು ಒಂದೊಂದು ಕೋರ್‌ಗೆ (ಪ್ರೊಸೆಸರಿನೊಳಗೆ ಬೇರೆ ಬೇರೆಯಾಗಿ ಕೆಲಸ ಮಾಡೋ ಭಾಗ) ಎಷ್ಟು ಟೈಮರ್ ಇಂಟರಪ್ಟ್, ಅಂದ್ರೆ ಟೈಮರ್‌ನಿಂದ ಎಬ್ಬಿಸೋ ಕರೆ, ಬಂತು ಅಂತ ಹೇಳತ್ತೆ. 10 ಸೆಕೆಂಡ್ ಬಿಟ್ಟು ಎರಡು ಸಲ ನೋಡಿ ಕಳೀರಿ. ಟಿಕ್ ನಿಲ್ಲಿಸೋದನ್ನ ಆಫ್ ಮಾಡಿ ಬೂಟ್ ಮಾಡಿದ್ರೆ 250ರ ಲೆಕ್ಕದಲ್ಲಿ ಕೋರ್‌ಗೆ 2500, ನಾಲ್ಕು ಕೋರ್ ಅಂದ್ರೆ 10,000. ಆನ್ ಇಟ್ಟು ನೋಡಿದಾಗ ನನ್ನ ಸ್ವಂತ ಮೆಷಿನ್‌ನಲ್ಲಿ ಒಂದು ಕೋರ್‌ಗೆ 90, ಇನ್ನೊಂದಕ್ಕೆ 300 ಬಂತು, ಅಷ್ಟೇ.

ಈಗ ನಮ್ಮ ಲ್ಯಾಬಿಗೆ ಬರೋಣ. ಅಲ್ಲಿ ಟಿಕ್ ನಿಂತಿತ್ತು, ಆದ್ರೂ ಎಲ್ಲ ಕಡೆ ಈ ನಂಬರ್ ಸಾವಿರದ ಮೇಲೆ ಹೋಗ್ತಿತ್ತು. ಆಗ ಪವರ್‌ಟಾಪ್ ಹಾಕ್ದೆ, ಇದು ಇಂಟೆಲ್‌ನವ್ರು 2007ರಲ್ಲೇ, ಟಿಕ್ ಹೋದ ಬೆನ್ನಲ್ಲೇ ಬಿಟ್ಟ ಟೂಲು, ಯಾರು ಸೆಕೆಂಡಿಗೆ ಎಷ್ಟು ಸಲ ಎಬ್ಬಿಸ್ತಿದ್ದಾರೆ ಅಂತ ಪಟ್ಟಿ ಕೊಡತ್ತೆ. ಮೊದಲನೇ ಸಾಲಲ್ಲೇ ಕೂತಿತ್ತು, ಹಾಜರಾತಿಗೆ ಅಂತ ಹೊರಗಿನವ್ರಿಂದ ತರ್ಸಿ ಹಾಕಿದ್ದ ಪ್ರೋಗ್ರಾಮು. ಕಾರ್ಡ್ ರೀಡರ್ ಚುಚ್ಚಿದ್ದಾರಾ ಇಲ್ವಾ ಅಂತ 10 ಮಿಲಿಸೆಕೆಂಡಿಗೊಮ್ಮೆ ನೋಡ್ತಿತ್ತು, ಸೆಕೆಂಡಿಗೆ 100 ಸಲ, ರೀಡರ್ರೇ ಇಲ್ಲದ ಲ್ಯಾಪ್‌ಟಾಪಲ್ಲೂ! ಒಂದೊಂದು ಸಲ ನೋಡೋಕೆ ಎಷ್ಟು ಬೇಕು, ಏನೂ ಇಲ್ಲ, ಅದಕ್ಕೇ ಪರ್ಸೆಂಟಲ್ಲಿ ಕಾಣಲ್ಲ. ಕರ್ನೆಲ್‌ನವ್ರು ಕಷ್ಟಪಟ್ಟು ನಿಲ್ಲಿಸಿದ ಹಳೇ 100ರ ಟಿಕ್ಕನ್ನ ಇವ್ರು ಒಬ್ರೇ ವಾಪಸ್ ತಂದಿದ್ರು.

ಆ ಪ್ರೋಗ್ರಾಮ್ ಮಾಡಿಕೊಟ್ಟವ್ರಿಗೆ ಫೋನ್ ಮಾಡಿದ್ರೆ ಏನಂದ್ರು ಗೊತ್ತಾ, ಸಾರ್ 1 ಪರ್ಸೆಂಟೂ ಇಲ್ವಲ್ಲ ಸಾರ್, ಅಂದ್ರು. ನಿಮ್ಮ ಪುರವಣಿಯ ಅದೇ ಮಾತು! ಯುಎಸ್‌ಬಿಗೆ ಏನಾದ್ರೂ ಚುಚ್ಚಿದ್ರೆ ಕರ್ನೆಲ್ ತಾನೇ ಕರೆದು ಹೇಳತ್ತೆ ಕಣಪ್ಪ, ನೀನು ಹೋಗಿ ಹೋಗಿ ಕೇಳೋದು ಬೇಡ, ಅಂತ ಹೇಳಿದೆ. ಅದೆಲ್ಲ ಮುಂದಿನ ವರ್ಷನ್ ಸಾರ್, ಅಂದ್ರು. ಕೊನೆಗೆ ಸೆಟಿಂಗ್ಸ್ ಫೈಲಲ್ಲಿ 10 ಇದ್ದದ್ದನ್ನ 1000 ಮಾಡೋಕೆ ಒಪ್ಪಿದ್ರು. ನಾಲ್ಕು ಗಂಟೆ ವಾಪಸ್ ಬಂತು, ಹತ್ತು ನಿಮಿಷ ಆಚೀಚೆ.

ಇಂಥದ್ದು ಲಿನಕ್ಸಲ್ಲಿ ಮಾತ್ರ ಅಂತಲ್ಲ. ವಿಂಡೋಸಲ್ಲಿ ಟಿಕ್ ಮಾಮೂಲಿಗೆ 15.6 ಮಿಲಿಸೆಕೆಂಡು, ಯಾವುದೋ ಒಂದು ಪ್ರೋಗ್ರಾಮ್ ನಂಗೆ 1 ಮಿಲಿಸೆಕೆಂಡ್ ಬೇಕು ಅಂದ್ರೆ ಇಡೀ ಮೆಷಿನ್ನೇ ಅದಕ್ಕೆ ಕುಣೀಬೇಕಿತ್ತು, 2020ರ ಅಪ್‌ಡೇಟ್‌ವರೆಗೂ. ಆಂಡ್ರಾಯ್ಡ್ 4.4ರಿಂದ ಆಪ್‌ಗಳು ಇಡೋ ಅಲಾರಂಗಳನ್ನ ಸ್ವಲ್ಪ ತಡ ಮಾಡಿ ಒಟ್ಟಿಗೆ ಬಡಿಯತ್ತೆ, ಐದು ಜನರಿಗೆ ಐದು ಸಲ ಬಾಗಿಲು ತೆಗೆಯೋ ಬದಲು ಒಂದೇ ಸಲ.

ಇದನ್ನ ಓದಿ ಹುಮ್ಮಸ್ಸಲ್ಲಿ ಇನ್ನೊಂದು ತಪ್ಪು ಮಾಡೋರಿದ್ದಾರೆ, ಅದನ್ನೂ ಹೇಳ್ಬಿಡ್ತೀನಿ. 2013ರಲ್ಲಿ, ಲಿನಕ್ಸ್ 3.10ರಲ್ಲಿ, ಫುಲ್ ಡೈನ್‌ಟಿಕ್ಸ್ ಅಂತ ಬಂತು, ಫ್ರೆಡೆರಿಕ್ ವೈಸ್‌ಬೆಕರ್ ಅನ್ನೋರು ಮಾಡಿದ್ದು, ಕೆಲಸ ಮಾಡ್ತಿರೋ ಕೋರ್‌ನಲ್ಲೂ ಟಿಕ್ ನಿಲ್ಸತ್ತೆ, ಅಲ್ಲಿ ಒಂದೇ ಪ್ರೋಗ್ರಾಮ್ ಓಡ್ತಿದ್ರೆ. ಯೂಟ್ಯೂಬ್ ನೋಡಿ ನಮ್ಮ ಹುಡುಗ ಒಬ್ಬ ಬೂಟ್ ಲೈನಿಗೆ (ಮೆಷಿನ್ ಶುರುವಾಗುವಾಗ ಕರ್ನೆಲ್ ಓದೋ ಸೆಟಿಂಗ್ಸ್ ಸಾಲು) ಅದನ್ನ ಸೇರ್ಸಿ ಬಂದ. ಅದು ದೊಡ್ಡ ಲೆಕ್ಕಾಚಾರದ ಮೆಷಿನ್‌ಗೆ, ಮೈಕ್ರೊಸೆಕೆಂಡ್ ತಡ ಆದ್ರೂ ಕೆಟ್ಟೋಗೋ ಕೆಲಸಕ್ಕೆ ಮಾಡಿದ್ದು, ಅದ್ರಲ್ಲಿ ಬೇರೆ ಕೋರ್‌ಗಳ ಪರವಾಗಿ ಗಡಿಯಾರ ನೋಡ್ಕೊಳ್ಳೋಕೆ ಒಂದು ಕೋರ್ ಸದಾ ಎದ್ದೇ ಇರ್ಬೇಕು, ಖಾಲಿ ಇದ್ರೂ ಅದ್ರ ಟಿಕ್ ನಿಲ್ಲಲ್ಲ, ಮೇಲಿಂದ ಪ್ರತಿ ಸಿಸ್ಟಮ್ ಕಾಲ್‌ಗೂ (ಪ್ರೋಗ್ರಾಮ್ ಕರ್ನೆಲ್‌ನಿಂದ ಕೆಲಸ ಕೇಳೋದು) ಲೆಕ್ಕ ಬರೆಯೋ ಖರ್ಚು. ಲ್ಯಾಪ್‌ಟಾಪಿಗೆ ಹಾಕಿದ್ರೆ ಉಲ್ಟಾ ಹೊಡೆಯತ್ತೆ. ತೆಗೆಸಿದೆ.

ಮುಂದಿನ ಭಾನುವಾರ ಆ 1 ಪರ್ಸೆಂಟ್ ಸಾಲಿಗೆ ಎರಡು ಸಾಲು ತಿದ್ದುಪಡಿ ಹಾಕಿ, ಸಾಧ್ಯ ಆದ್ರೆ ಪವರ್‌ಟಾಪ್ ಹೆಸರೂ ಸೇರ್ಸಿ. ಆ ಪುಟ ಕತ್ತರಿಸಿ ನೋಟಿಸ್ ಬೋರ್ಡಿಗೆ ಅಂಟಿಸಿಯಾಗಿದೆ, ನಮ್ಮ ಹುಡುಗರು ನನ್ನ ಮಾತಿಗಿಂತ ನಿಮ್ಮ ಪೇಪರನ್ನ ಜಾಸ್ತಿ ನಂಬ್ತಾರೆ.

ಇಂತಿ,
ನಿಮ್ಮ ಹಳೇ ಓದುಗ
ಸಾಗರ