‘ನಾನು’ ಅನ್ನುವ ಸಣ್ಣ ಮಾತು

ಪ್ರೀತಿಯ ತಂಗಿ,

ಸುಂಡಾ ಪಾಪ್ ಹಾಡುಗಳ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಮೊದಲ ಪುಟದಲ್ಲೇ ‘ಪಶ್ಚಾತ್ತಾಪ’ ಆರು ಸಲ, ‘ಶರಣಾಗತಿ’ ನಾಲ್ಕು ಸಲ. ಹಾಡು ಮಾತ್ರ ಎಲ್ಲೂ ಕೇಳಿಸಲಿಲ್ಲ.

ಇಂಡೊನೇಷ್ಯಾದ ಪಶ್ಚಿಮ ಜಾವಾದ ಆ ಸುಂಡಾ ಜನ, ಮಾಡಿದ ತಪ್ಪಿಗೆ ಮರುಗುವುದನ್ನು ‘ಕಡುಹುಂಗ್’ ಅನ್ನುತ್ತಾರೆ. ಅದು ಯಾವತ್ತೂ ಮೊದಲೇ ಬರುವುದಿಲ್ಲ ಅಂತ ಅವರಲ್ಲೊಂದು ಗಾದೆ. ನಮ್ಮ ‘ಕೆಟ್ಟ ಮೇಲೆ ಬುದ್ಧಿ ಬಂತು’ ಇದೆಯಲ್ವಾ, ಹಾಗೆ.

ಆದರೆ ನೀನು ಕಿವಿಗೊಡಬೇಕಾದ್ದು ‘ನಾನು’ ಅನ್ನುವ ಸಣ್ಣ ಮಾತಿಗೆ. ಸುಂಡಾ ಭಾಷೆಯಲ್ಲಿ ಅದು ಒಂದಲ್ಲ. ಒರಟಾಗಿ ‘ಆಯಿಂಗ್’, ಸಲಿಗೆಯಲ್ಲಿ ‘ಕುರಿಂಗ್’, ವಿನಯಕ್ಕೆ ‘ಅಬ್ದಿ’. ಅಬ್ದಿ ಅಂದರೆ ಸೇವಕ ಅಂತಲೂ ಅರ್ಥ. ‘ದುಹ್ ಗುಸ್ತಿ’, ಅಯ್ಯೋ ಒಡೆಯಾ, ಅಂತ ದೇವರನ್ನು ಕರೆಯುವಾಗ ಹಾಡುವವನು ಅಬ್ದಿಯಾಗುತ್ತಾನೆ. ಶರಣಾಗತಿ ಅಲ್ಲೇ ಆಗಿಹೋಯಿತು, ನೀನು ಬೇರೆ ಹೇಳಬೇಕಿಲ್ಲ. ಹಾಗಂತ ಅಬ್ದಿ ಕಂಡಲ್ಲೆಲ್ಲ ಭಕ್ತಿ ಅಂತ ಬರೆದುಬಿಡಬೇಡ. ಹಿರಿಯರ ಮುಂದೆಯೂ ಅವರು ಅಬ್ದಿಯೇ.

ನಮ್ಮಲ್ಲಿ ನೋಡು, ಆಫೀಸಿನ ಸಾಹೇಬರಿಗೆ ‘ನೀವು’, ದೇವರಿಗೆ ‘ನೀನು’. ನಾವು ದೇವರನ್ನು ಹತ್ತಿರಕ್ಕೆ ಎಳೆದುಕೊಂಡು ಅಳುತ್ತೇವೆ. ಅವರು ತಾವೇ ಒಂದು ಮೆಟ್ಟಿಲು ಕೆಳಗಿಳಿದು ಅಳುತ್ತಾರೆ. (‘ದಾಸ’ ನಮ್ಮಲ್ಲೂ ಉಂಟು ಅನ್ನಬೇಡ. ಅಂಗಡಿಯವನ ಹತ್ತಿರ ಯಾರೂ ತಮ್ಮನ್ನು ದಾಸ ಅಂದುಕೊಳ್ಳುವುದಿಲ್ಲ.)

ಸಂಗೀತಕ್ಕೆ ಒಂದೇ ಸಾಲು ಕೊಟ್ಟಿದ್ದೀಯ, ಅದು ಸಾಲದು. ‘ಮದೆಂಡ’ ಅನ್ನುವ ಐದು ಸ್ವರಗಳ ಶ್ರುತಿ ದುಃಖದ ಹಾಡಿಗೆ ಒಗ್ಗಿದ್ದು. ಇವತ್ತು ಕಚಾಪಿ ಅನ್ನುವ ತಂತಿವಾದ್ಯದ ಕೆಲಸವನ್ನು ಕೀಬೋರ್ಡೇ ಮಾಡಿಬಿಡಬಹುದು. ಆದರೆ ಸುಲಿಂಗ್, ಅಂದರೆ ಬಿದಿರಿನ ಕೊಳಲು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗಿನ ಆ ನಡುಕ ಕೀಬೋರ್ಡಿಗೆ ಸುಲಭಕ್ಕೆ ಸಿಗುವುದಿಲ್ಲ. ಆ ಜಾರುವಿಕೆಯನ್ನು ಕೇಳಿ, ಕೇಳಿದ್ದನ್ನೇ ಬರೆ.

ಇನ್ನೊಂದು. ನಾನೊ ಎಸ್. ರಚಿಸಿದ, ನಿನಿಂಗ್ ಮೆಯ್ದಾ ಹಾಡಿದ ‘ಕಲಂಗ್ಕಂಗ್’ ಅನ್ನು ನೀನು ಪಶ್ಚಾತ್ತಾಪದ ಪಟ್ಟಿಗೆ ಸೇರಿಸಿದ್ದೀಯ. ಆ ಹೆಸರಿನ ಅರ್ಥ ನೆರಳು. ಅದು ಹಂಬಲದ ಹಾಡು, ತಪ್ಪೊಪ್ಪಿಗೆಯದಲ್ಲ. ಕಣ್ಣೀರು ಬಂದದ್ದೆಲ್ಲ ಪಶ್ಚಾತ್ತಾಪವಾದರೆ ಈರುಳ್ಳಿ ಹೆಚ್ಚುವವರೂ ಸಂತರೇ! ಅದನ್ನು ತೆಗೆ.

ಪಾಪಕ್ಕೆ ಅವರು ‘ದೋಸ’ ಅನ್ನುತ್ತಾರೆ, ನಮ್ಮ ದೋಷವೇ ಸಂಸ್ಕೃತದಿಂದ ಅಲ್ಲಿಗೂ ಹೋದದ್ದು. ಅಚ್ಚಿಗೆ ಕೊಡುವಾಗ ಸಂಪಾದಕರಿಗೆ ಮೊದಲೇ ಹೇಳಿಡು, ಇಲ್ಲದಿದ್ದರೆ ‘ದೋಸೆ’ ಅಂತ ತಿದ್ದಿಬಿಡುತ್ತಾರೆ.

ನಿನ್ನ,
ಅಣ್ಣ